ಉಡುಪಿ: ಇದಕ್ಕೆಲ್ಲ ನಗರಸಭೆಗೇ ಬೈಯುದಾ, ಬೇರೆ ಯಾರಿಗಾದ್ರೂ ಉಂಟಾ?

ಗುಂಡಿಬೈಲು ಮನೆ
ಶನಿವಾರ, ರಾತ್ರಿ 9.12

ಹನ್ನೊಂದು ವರ್ಷ ಬೆಂಗಳೂರಲ್ಲಿದ್ದು ಹೋದ ವರ್ಷ ಊರಿಗೆ ಬಂದು ಕೂತವ ನಾನು. ನಮ್ಮ ಓಣಿಯ ಎಂಟು ಮನೆಯವರು ಸೇರಿ ಒಂದು ಮನವಿ ಬರೆಯುವ ಅಂತ ನಿನ್ನೆ ನಮ್ಮ ಜಗಲಿಯಲ್ಲಿ ಕೂತಿದ್ದೆವು. ಎರಡು ಸಲ ಚಾ ಆಯ್ತು, ಒಂದು ಪ್ಲೇಟ್ ಗೋಳಿಬಜೆ ಖಾಲಿ ಆಯ್ತು, ಪಟ್ಟಿ ಎರಡು ಪುಟ ಆಯ್ತು. ಸಂತೆಕಟ್ಟೆ ಹೈವೇ ಅವಾಂತರ, ಇಂದ್ರಾಳಿ ರೈಲ್ವೆ ಸೇತುವೆ ಯಾಕೆ ಅಷ್ಟು ವರ್ಷ ಎಳೀತು ಅಂತ ಒಂದು ಪ್ರಶ್ನೆ, ಏಪ್ರಿಲ್-ಮೇಯಲ್ಲಿ ನೀರಿನ ತತ್ವಾರ, ಮಲ್ಪೆ ಬೀಚಲ್ಲಿ ಭಾನುವಾರದ ಪಾರ್ಕಿಂಗ್, ಪಡುಕೆರೆ ಕಡಲ್ಕೊರೆತ, ಇಂದ್ರಾಣಿ ಹೊಳೆಯ ನಾತ. ಕೊನೆಗೆ ಪೆನ್ನಿನ ಶಾಯಿ ಮುಗಿಯುವ ಹೊತ್ತಿಗೆ, ಜೋರು ಮಳೆ ಬಂದ್ರೆ ನಮ್ಮ ಓಣಿಯ ತೋಡು (ಮಳೆನೀರು ಹರಿಯುವ ಕಾಲುವೆ) ಉಕ್ಕಿ ಅಂಗಳಕ್ಕೆ ಬರ್ತದೆ ಅಂತ ಒಂದು ಸಾಲು.

ಎಲ್ಲದರ ಮೇಲೆ "ಮಾನ್ಯ ಪೌರಾಯುಕ್ತರಿಗೆ" ಅಂತ ಹಾಕಿದೆವು. ಅಮ್ಮ ಓದಿದ್ರು. ಅವರು ನಿವೃತ್ತ ಟೀಚರ್, ಕೆಂಪು ಪೆನ್ನು ಈಗಲೂ ಕಿಟಕಿ ದಂಡೆಯಲ್ಲೇ ಇರ್ತದೆ. "ಇದರಲ್ಲಿ ಮುಕ್ಕಾಲು ಪಾಲು ಅವರ ಕೈಯಲ್ಲೇ ಇಲ್ಲ, ಸುಮ್ಮನೆ ಕಾಗದ ಹಾಳು" ಅಂತ ಹೇಳಿ ಕೊಟ್ಟರು. ಯಾವುದು ಯಾರದ್ದು ಅಂತ ಗೊತ್ತಿದ್ದವರು ಹೇಳ್ತೀರಾ?

ಎಂಡ್‌ಪಾಯಿಂಟ್ ವಾಕರ್
ಶನಿವಾರ, ರಾತ್ರಿ 9.31

ಅಮ್ಮನಿಗೆ ನೂರಕ್ಕೆ ನೂರು.

ಸಂತೆಕಟ್ಟೆ ಇರುವುದು 66ರಲ್ಲಿ, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಇಂದ್ರಾಳಿ ಸೇತುವೆ ಇರುವುದು 169ಎಯಲ್ಲಿ, ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ, ಮಣಿಪಾಲ ದಾಟಿ ಮಲ್ಪೆಗೆ ಹೋಗುವ ರಸ್ತೆ. ಅದೂ ರಾಷ್ಟ್ರೀಯ ಹೆದ್ದಾರಿಯೇ, ಕೆಳಗೆ ಹಳಿ ಇರುದರಿಂದ ರೈಲ್ವೆಯವರದ್ದೂ ಒಪ್ಪಿಗೆ ಬೇಕು. ಯೋಚನೆ ಮಾಡಿ: ಮಣಿಪಾಲ, ಕುಂಜಿಬೆಟ್ಟು, ಕಲ್ಸಂಕ, ಸಿಟಿ ಬಸ್‌ಸ್ಟ್ಯಾಂಡ್, ಆದಿಉಡುಪಿ, ಮಲ್ಪೆ. ನಮ್ಮ ಊರಿನ ಬೆನ್ನುಮೂಳೆ ಅಂತ ಯಾವುದನ್ನು ಹೇಳ್ತೇವೋ ಆ ರಸ್ತೆಯ ಒಂದು ಹೊಂಡ ಮುಚ್ಚುದೂ ನಗರಸಭೆಯ ಅಧಿಕಾರ ಅಲ್ಲ. ಆದರೆ ಹೊಂಡಕ್ಕೆ ಬಿದ್ದವ ಮೊದಲು ಬೈಯುದು ವಾರ್ಡ್ ಸದಸ್ಯನಿಗೆ. ಯಾಕೆಂದ್ರೆ ಅವನ ಮನೆ ಮಾತ್ರ ನಮಗೆ ಗೊತ್ತಿರ್ತದೆ.

ಕುಂದಾಪ್ರ ಮಾಣಿ
ಶನಿವಾರ, ರಾತ್ರಿ 9.40

ಹ್ವಾಯ್, ಹೈವೇ ಸುದ್ದಿ ನಮ್ಮತ್ರ ಹೇಳ್ಬೇಡಿ. ನಮ್ಮ ಶಾಸ್ತ್ರಿ ಸರ್ಕಲ್ ಫ್ಲೈಓವರ್ ಕಾಂತಾ ಕಾಂತಾ ಎಷ್ಟ್ ಮಕ್ಕಳ ಶಾಲಿ ಮುಗಿತ್ ಗೊತ್ತಿತ್ತಾ? ಅಷ್ಟ್ ವರ್ಷವೂ ಬೈಸ್ಕಂಡದ್ ಪುರಸಭೆಯರ್. ಪಾಪ.

ಬಂಗುಡೆ ಪುಳಿಮುಂಚಿ
ಶನಿವಾರ, ರಾತ್ರಿ 9.58

ಮಲ್ಪೆಯವ ನಾನು, ಬೀಚಿನದ್ದು ನಾನು ಹೇಳ್ತೇನೆ. ಮಲ್ಪೆ ಸೆಂಟ್ರಲ್, ಕೊಳ, ವಡಭಾಂಡೇಶ್ವರ ಎಲ್ಲ ನಗರಸಭೆಯ ವಾರ್ಡುಗಳೇ. ಆದರೆ ಬೀಚು ನೋಡಿಕೊಳ್ಳುದು ಪ್ರವಾಸೋದ್ಯಮದ ಕಡೆಯ ಅಭಿವೃದ್ಧಿ ಸಮಿತಿ, ಅವರು ಗುತ್ತಿಗೆ ಕೊಡ್ತಾರೆ. ಬಂದರು ಮೀನುಗಾರಿಕೆ ಇಲಾಖೆಯದ್ದು. ಕಡಲ್ಕೊರೆತಕ್ಕೆ ಕಲ್ಲು ಹಾಕುದು ಬಂದರು ಇಲಾಖೆ. ಕಡಲ ಬದಿಯಲ್ಲಿ ಮನೆ ಕಟ್ಟುದಾದ್ರೆ ಸಿಆರ್‌ಝಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ನಿಯಮ. ಸೇಂಟ್ ಮೇರಿಸ್ ದ್ವೀಪದ ಕಲ್ಲಿನ ಕಂಬಗಳು ಭೂವೈಜ್ಞಾನಿಕ ಸ್ಮಾರಕ, ಅದು ಇನ್ನೊಂದು ಇಲಾಖೆ. ಒಂದು ಕಿಲೋಮೀಟರ್ ನಡೆದ್ರೆ ನಾಲ್ಕು ಸರ್ಕಾರ ದಾಟ್ತೀರಿ. ನಗರಸಭೆಗೆ ಉಳಿಯುದು ಎಂತ? ಭಾನುವಾರ ರಾತ್ರಿ ಬಿದ್ದಿರುವ ಚುರುಮುರಿ ಪೊಟ್ಟಣ, ಬೊಂಡದ ಚಿಪ್ಪು.

2022ರ ಮೇ ತಿಂಗಳಲ್ಲಿ ತೇಲುವ ಸೇತುವೆ ಅಂತ ಒಂದು ಹಾಕಿದ್ರಲ್ಲ, ತೆರೆದು ಕೆಲವೇ ದಿನದಲ್ಲಿ ಅಲೆಗೆ ಬಿಚ್ಚಿ ಹೋಯ್ತು. ಮೇ ತಿಂಗಳ ಕಡಲು ಹೇಗಿರ್ತದೆ ಅಂತ ನಮ್ಮ ಅಜ್ಜಿಗೆ ಕೇಳಿದ್ರೂ ಹೇಳ್ತಿದ್ರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆದರೆ ಅದಕ್ಕೂ ಮೊದಲೇ ಕಡಲು ಬಣ್ಣ ಬದಲಿಸ್ತದೆ. ಅದು ನಿರ್ಧಾರ ಮಾಡುವ ಕೋಣೆಯೊಳಗೆ ಕೂತ್ರೆ ಕಾಣುದಿಲ್ಲ.

ಶಾರ್ಜಾ ಉಡುಪಿ
ಶನಿವಾರ, ರಾತ್ರಿ 10.20

ಹಾಗಾದ್ರೆ ನಾನು ಕಟ್ಟುವ ಮನೆ ತೆರಿಗೆ ಎಲ್ಲಿಗೆ ಹೋಗುದು ಮಾರಾಯ್ರೇ? ಏಪ್ರಿಲಲ್ಲೇ ಕಟ್ಟಿದ್ರೆ ಶೇ 5 ರಿಯಾಯಿತಿ ಅಂತ ಪ್ರತಿ ವರ್ಷ ಇಲ್ಲಿಂದಲೇ ಆನ್‌ಲೈನ್ ಕಟ್ತೇನೆ. ರಶೀದಿಯಲ್ಲಿ ತೆರಿಗೆ ಒಂದು, ಅದರ ಕೆಳಗೆ ಮತ್ತೆ ಮೂರ್ನಾಲ್ಕು ಸಾಲು.

ಎಂಡ್‌ಪಾಯಿಂಟ್ ವಾಕರ್
ಶನಿವಾರ, ರಾತ್ರಿ 10.34

ಆ ಕೆಳಗಿನ ಸಾಲುಗಳನ್ನು ಸರಿ ಓದಿ. ಆರೋಗ್ಯ ಉಪಕರ ಶೇ 15, ಗ್ರಂಥಾಲಯ ಶೇ 6, ಭಿಕ್ಷುಕರದ್ದು ಶೇ 3. ಇವು ನಗರಸಭೆಯ ಹುಂಡಿಗೆ ಬೀಳುದಲ್ಲ, ಅವರು ವಸೂಲಿ ಮಾಡಿ ಬೇರೆಯವರಿಗೆ ಕಟ್ಟಬೇಕು. ಮೇಲಿನ ಸಾಲು ಮಾತ್ರ ಊರಿನದ್ದು. 2021ರ ತಿದ್ದುಪಡಿಯ ನಂತರ ಅದು ಮಾರ್ಗಸೂಚಿ ಬೆಲೆಗೆ ಜೋಡಿಸಿದ್ದು, ಹಾಗಾಗಿ ನೋಂದಣಿಯ ಬೆಲೆ ಏರಿದ್ರೆ ತೆರಿಗೆಯೂ ಏರ್ತದೆ.

ಇನ್ನೊಂದು ತಮಾಷೆ. ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಜೂನ್ 1ರಂದು. ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯ ಉಂಟು: ನಗರ ಯೋಜನೆ, ರಸ್ತೆ, ಸೇತುವೆ, ನೀರು, ಅಗ್ನಿಶಾಮಕದವರೆಗೆ. ರಾಜ್ಯ ಇವನ್ನು ನಗರಸಭೆಗಳಿಗೆ ಕೊಡಬಹುದು ಅಂತ ಬರೆದದ್ದು, ಕೊಡಲೇಬೇಕು ಅಂತಲ್ಲ. ನಗರ ಯೋಜನೆ ಇಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಹತ್ತಿರ ಕೂತಿದೆ. ವಾರಾಹಿ ನದಿಯ ನೀರಿಗೆ ಹಾಲಾಡಿ ಕಡೆಯಿಂದ ಪೈಪು ಎಳೆಯುವ ದೊಡ್ಡ ಕೆಲಸ ರಾಜ್ಯದ ಮೂಲಸೌಕರ್ಯ ಹಣಕಾಸು ನಿಗಮದ ಮೂಲಕ ನಡೆದದ್ದು.

ಕೊಡವೂರು ಅಕ್ಕ
ಶನಿವಾರ, ರಾತ್ರಿ 10.51

ನೀರಿನ ವಿಷಯ ಬಂತಲ್ಲ, ಒಂದು ಹೇಳ್ತೇನೆ. 2019ರ ಮೇ ನೆನಪುಂಟಾ? ಹಿರಿಯಡ್ಕ ಹತ್ತಿರದ ಬಜೆ ಅಣೆಕಟ್ಟಿನಲ್ಲಿ ಸ್ವರ್ಣೆ ತಳ ಕಂಡಿತು. ಮೇಲಿನ ಗುಂಡಿಗಳಲ್ಲಿ ನಿಂತ ನೀರನ್ನು ಪಂಪು ಮಾಡಿ ಅಣೆಕಟ್ಟಿಗೆ ತಂದು ಸರದಿ ಪ್ರಕಾರ ಬಿಟ್ಟರು. ಅದೇ ತಿಂಗಳು ನೇತ್ರಾವತಿಯೂ ಬತ್ತಿ, ಧರ್ಮಸ್ಥಳಕ್ಕೆ ಬರುದನ್ನು ಸ್ವಲ್ಪ ದಿನ ಮುಂದೂಡಿ ಅಂತ ಧರ್ಮಾಧಿಕಾರಿಗಳೇ ಭಕ್ತರಲ್ಲಿ ಕೇಳಿಕೊಂಡಿದ್ದರು. ವರ್ಷಕ್ಕೆ 4000 ಮಿಲಿಮೀಟರ್ ಮೇಲೆ ಮಳೆ ಬೀಳುವ ಊರಿನವರು ಕೊಡಪಾನ ಸಾಲಾಗಿ ಇಟ್ಟು ಟ್ಯಾಂಕರಿಗೆ ಕಾಯುದು ಅಂದ್ರೆ ನಾಚಿಕೆಯೇ. ನಮ್ಮ ಹಿತ್ತಿಲ ಬಾವಿಯಲ್ಲಿ ನೀರಿತ್ತು, ಆದರೆ ಕುಡಿಯುವ ಹಾಗೆ ಇರಲಿಲ್ಲ. ಕೊಡಪಾನದಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆ ಮೇಲೆ ಎಣ್ಣೆಯಂಥ ಪದರ. ಅಕ್ಕಿ ತೊಳೆದರೆ ಅನ್ನ ಹಳದಿ.

ಯಾರು ಕಾರಣ ಅಂತ ನಾನು ಬೆರಳು ತೋರಿಸುದಿಲ್ಲ. ಮೇಲಿನ ಎಷ್ಟೋ ಮನೆ, ಲಾಡ್ಜು, ಫ್ಲ್ಯಾಟುಗಳ ಪೈಪು ಸೀದಾ ತೋಡಿಗೆ ಹೋಗ್ತದೆ ಅಂತ ಎಲ್ಲರಿಗೂ ಗೊತ್ತು, ಆ ಪೈಪಿನ ಯಜಮಾನರಿಗೂ ಗೊತ್ತು. ಒಳಚರಂಡಿ ಇರುದು ಹಳೇ ಪೇಟೆಯ ಸುತ್ತ, ಉಳಿದ ಕಡೆ ಪಿಟ್. ಪಿಟ್ ತುಂಬಿದ್ರೆ ಸಕ್ಕಿಂಗ್ ಗಾಡಿಗೆ ದುಡ್ಡು ಕೊಡ್ಬೇಕು, ತೋಡಿಗೆ ಬಿಟ್ಟರೆ ಪುಕ್ಕಟೆ.

ಅಲೆವೂರಿನವ
ಭಾನುವಾರ, ಬೆಳಿಗ್ಗೆ 7.05

ಪುಕ್ಕಟೆ ಅಂದ ಕೂಡ್ಲೇ ನೆನಪಾಯ್ತು. ನಿಮ್ಮ ಪಟ್ಟಿಯಲ್ಲಿ ಕಸ ಇಲ್ಲ ನೋಡಿ. ಯಾಕಿಲ್ಲ ಅಂದ್ರೆ ನಿಮ್ಮ ಕಸ ನಿಮ್ಮ ಓಣಿಯಲ್ಲಿ ಇರುದಿಲ್ಲ, ಬೆಳಿಗ್ಗೆ ಗಾಡಿ ಹಾಡು ಹಾಕಿಕೊಂಡು ಬಂದು ಎತ್ತಿಕೊಂಡು ಹೋಗ್ತದೆ. ಎಲ್ಲಿಗೆ? ನಮ್ಮ ಅಲೆವೂರಿನ ಕರ್ವಾಲಿಗೆ. ನಾವು ಗ್ರಾಮ ಪಂಚಾಯತಿನವರು, ನಗರಸಭೆಗೆ ನಮ್ಮದು ಮತ ಇಲ್ಲ. ನಾತ ಮಾತ್ರ ನಮ್ಮದು. ಈಗ ಉಡುಪಿಯನ್ನು ಪಾಲಿಕೆ ಮಾಡ್ತೇವೆ, ಸುತ್ತಲಿನ ಪಂಚಾಯತಿಗಳನ್ನು ಸೇರಿಸ್ತೇವೆ ಅಂತ ಮಾತು ಬೇರೆ. ಸೇರಿಸಿ. ತೆರಿಗೆ ಜಾಸ್ತಿ ಆದ್ರೂ ಪರವಾಗಿಲ್ಲ, ಕನಿಷ್ಠ ಸಭೆಯಲ್ಲಿ ನಿಂತು ಬೈಲಿಕ್ಕೆ ಒಬ್ಬ ನಮ್ಮವ ಇರ್ತಾನೆ.

ಪೇಟೆ ಹುಡುಗ
ಭಾನುವಾರ, ಬೆಳಿಗ್ಗೆ 8.15

ಪೇಟೆಯವರ ಮೇಲೆ ಹಾಕುದು ಸುಲಭ ಅಣ್ಣ. ಸಂಜೆ ಬೈಕಲ್ಲಿ ಬಂದು ರಸ್ತೆ ಬದಿಯಲ್ಲಿ ಪ್ಲಾಸ್ಟಿಕ್ ಚೀಲ ಎಸೆದು ಹೋಗುವವರು ಯಾವ ಪಂಚಾಯತಿನವರು ಅಂತ ನೋಡಿದ್ದೀರಾ? ನಮ್ಮಲ್ಲಿ ಮನೆ ಬಾಗಿಲಿಗೆ ಗಾಡಿ ಬರ್ತದೆ.

ಅಲೆವೂರಿನವ
ಭಾನುವಾರ, ಬೆಳಿಗ್ಗೆ 8.22

ಪಂಚಾಯತಿನವರಿಗೆ ಕಸ ಕಲಿಸ್ಲಿಕ್ಕೆ ಬರ್ಬೇಡಿ. ವಂಡ್ಸೆ ಪಂಚಾಯತ್ ಒಣಕಸ, ಹಸಿಕಸ ಬೇರೆ ಮಾಡಿ ಜನ ನೋಡ್ಲಿಕ್ಕೆ ಬರುವ ಹಾಗೆ ಮಾಡಿದ್ದು ನೀವು ಇನ್ನೂ ಒಂದೇ ಬಕೆಟಿಗೆ ಎಲ್ಲ ಹಾಕ್ತಿದ್ದಾಗ. ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸ ವಿಂಗಡಿಸುವ ಘಟಕ ಶುರುವಾದದ್ದೂ ಹಳ್ಳಿಗಳ ಕಸಕ್ಕೆ. ಪೇಟೆಯವರು ಬುದ್ಧಿವಂತರು ಅಂತ ಯಾರು ಹೇಳಿದ್ದು ಮಾರಾಯ?

ಪೇಟೆ ಹುಡುಗ
ಭಾನುವಾರ, ಬೆಳಿಗ್ಗೆ 8.24

ಪೊಕ್ಕಡೆ ಮಾತು. ನೀವು

ನಿರ್ವಾಹಕ
ಭಾನುವಾರ, ಬೆಳಿಗ್ಗೆ 8.50

ನಡುವಿನ ಐದು ಉತ್ತರ ತೆಗೆದಿದ್ದೇನೆ. ಕಸದ ಬಗ್ಗೆ ಬೇರೆ ಚರ್ಚೆ ಶುರು ಮಾಡಿ. ಇಬ್ಬರೂ ಒಂದೇ ಹೈಸ್ಕೂಲಲ್ಲಿ ಓದಿದ್ದು ಅಂತ ಗೊತ್ತುಂಟು ನನಗೆ.

ಹಳೇ ಚೈನು
ಭಾನುವಾರ, ಬೆಳಿಗ್ಗೆ 10.10

ಸರ್ವೆ ಇಲಾಖೆಯಲ್ಲಿ 34 ವರ್ಷ ಚೈನು ಎಳೆದವ ನಾನು. ಗುಂಡಿಬೈಲು ಮನೆಯವರೇ, ನಿಮ್ಮ ಪಟ್ಟಿಯಲ್ಲಿ ಕಟ್ಟಕಡೆಯ ಸಾಲು ಉಂಟಲ್ಲ, ತೋಡು. ಅದೊಂದೇ ಪೂರ್ತಿ ನಿಮ್ಮ ಊರಿನ ಕೈಯಲ್ಲಿರುವ ವಿಷಯ. ಅದನ್ನೇ ಕೊನೆಗೆ ಹಾಕಿದ್ದೀರಿ.

ನಿಮ್ಮ ಹೆಸರನ್ನೇ ನೋಡಿ. ಗುಂಡಿ, ಬೈಲು. ತುಳುನಾಡಿನಲ್ಲಿ ಗದ್ದೆಗೆ ಮೂರು ಮೆಟ್ಟಿಲು: ಮೇಲೆ ಬೆಟ್ಟು, ನಡುವೆ ಮಜಲು, ಕೆಳಗೆ ಬೈಲು. ಬೈಲಲ್ಲಿ ಮಳೆಗಾಲದ ನೀರು ನಿಲ್ಲಬೇಕು, ಅದಕ್ಕೇ ಅಲ್ಲಿ ಹೆಚ್ಚು ಬೆಳೆ. ಪೇಟೆಯಲ್ಲಿ ಬೈಲಕೆರೆ ಅಂತ ಉಂಟು, ಹೆಸರಲ್ಲಿ ಬೈಲೂ ಉಂಟು, ಕೆರೆಯೂ ಉಂಟು. ಕಲ್ಸಂಕ ಅಂದ್ರೆ ಕಲ್ಲಿನ ಸಂಕ, ಸಣ್ಣ ಸೇತುವೆ. ನೀರಿಲ್ಲದ ಕಡೆ ಯಾರಾದ್ರೂ ಸಂಕ ಹಾಕ್ತಾರಾ? ಹಿರಿಯರು ಎಚ್ಚರಿಕೆಯನ್ನು ಬೋರ್ಡಲ್ಲಿ ಬರೆಯಲಿಲ್ಲ, ಊರಿನ ಹೆಸರಲ್ಲೇ ಬರೆದರು. ನಾವು ಬೈಲಿಗೆ ಲಾರಿಯಲ್ಲಿ ಮಣ್ಣು ತಂದು ಹಾಕಿ, ಎತ್ತರ ಮಾಡಿ, ಸೆಂಟ್ಸ್ ಲೆಕ್ಕದಲ್ಲಿ ಮಾರಿ, ಮೇಲೆ ಇಂಟರ್‌ಲಾಕ್ ಹಾಕಿದೆವು. ನೀರಿಗೆ ಇಳಿಯಲಿಕ್ಕೆ ಮಣ್ಣಿಲ್ಲ, ಹೋಗ್ಲಿಕ್ಕೆ ದಾರಿ ಇಲ್ಲ.

ಗುಂಡಿಬೈಲು ಮನೆ
ಭಾನುವಾರ, ಬೆಳಿಗ್ಗೆ 11.02

ಸರ್, ಇದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಿಕ್ಕೆ ಆಗಲಿಲ್ಲ.

2020ರ ಸೆಪ್ಟೆಂಬರ್ 20, ಆದಿತ್ಯವಾರ. ಕೊರೋನಾ ಅಂತ ನಾನು ಮನೆಯಿಂದಲೇ ಕೆಲಸ ಮಾಡ್ತಿದ್ದೆ, ಹಾಗಾಗಿ ಆ ದಿನ ಇಲ್ಲೇ ಇದ್ದೆ. ರಾತ್ರಿಯಿಡೀ ಮಳೆ. ಒಂದೇ ರಾತ್ರಿಗೆ 300 ಮಿಲಿಮೀಟರ್ ದಾಟಿತ್ತು ಅಂತ ಆಮೇಲೆ ಪೇಪರಲ್ಲಿ ಓದಿದೆವು. ಬೆಳಗ್ಗಿನ ಜಾವ ಅಮ್ಮ ಎಬ್ಬಿಸಿದ್ರು. ಮಂಚದಿಂದ ಕಾಲು ಇಳಿಸಿದ್ರೆ ತಣ್ಣಗೆ ನೀರು. ಟಾರ್ಚ್ ಹಾಕಿದ್ರೆ ಚಪ್ಪಲಿಗಳು ಹಾಲ್‌ನಲ್ಲಿ ಮೆಲ್ಲಗೆ ಸುತ್ತು ಹಾಕ್ತಿದ್ದವು, ಒಂದು ನನ್ನದು ಒಂದು ಅಪ್ಪನದ್ದು. ಅಮ್ಮ ಮೊದಲು ಎತ್ತಿದ್ದು ಮಿಕ್ಸಿ, ಆಮೇಲೆ ಅಕ್ಕಿ ಡಬ್ಬ, ಆಮೇಲೆ ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್‌ಕಾರ್ಡ್ ಇದ್ದ ಟ್ರಂಕು. ಅಪ್ಪ ಸೊಂಟದವರೆಗೆ ನೀರಲ್ಲಿ ನಿಂತು ಗೇಟು ತೆಗೀಲಿಕ್ಕೆ ನೋಡ್ತಿದ್ರು, ಆಗ್ತಾ ಇರಲಿಲ್ಲ. ಹೊರಗಿನ ನೀರು ಅದುಮಿ ಹಿಡಿದಿತ್ತು. ಬಡಗುಪೇಟೆ, ಮಠದ ಪಾರ್ಕಿಂಗ್, ಕಲ್ಸಂಕ ಎಲ್ಲ ಮುಳುಗಿ ದೋಣಿಯಲ್ಲಿ ಜನರನ್ನು ಕರ್ಕೊಂಡು ಹೋಗುವ ವಿಡಿಯೋ ನೀವೆಲ್ಲ ನೋಡಿರ್ತೀರಿ.

ಗೋಡೆಯಲ್ಲಿ ಆ ನೀರಿನ ಗೆರೆ ಎರಡು ಸಲ ಪೇಂಟ್ ಮಾಡಿದ್ರೂ ಮತ್ತೆ ಎದ್ದು ಬರ್ತದೆ. ನಾವು ಅಂದಿನಿಂದ ಇಂದಿನವರೆಗೆ ಅದಕ್ಕೆ ಮಳೆಗೆ ಬೈತಾ ಬಂದಿದ್ದೇವೆ, ಮಳೆ ಬಿಟ್ಟಾಗ ಕಚೇರಿಗೆ.

ಬಂಗುಡೆ ಪುಳಿಮುಂಚಿ
ಭಾನುವಾರ, ಬೆಳಿಗ್ಗೆ 11.25

ಆ ದಿನದ್ದು ಇನ್ನೊಂದು ಉಂಟು, ಪೇಟೆಯವರು ಲೆಕ್ಕ ಹಾಕುದಿಲ್ಲ. ಮಹಾಲಯ ಅಮಾವಾಸ್ಯೆ 17ಕ್ಕೆ. ಕಳೆದು ಮೂರೇ ದಿನ. ಭರತ-ಇಳಿತ ಜೋರಿರುವ ದಿನಗಳು. ಇಂದ್ರಾಣಿ ಇಂದ್ರಾಳಿಯಲ್ಲಿ ಹುಟ್ಟಿ ಕಲ್ಸಂಕ, ಕೊಡಂಕೂರು ದಾಟಿ ಕಲ್ಮಾಡಿ ಕಡೆ ಬಂದು ನಮ್ಮ ಹೊಳೆಗೆ ಸೇರುದು. ಭರತ ಇದ್ದಾಗ ಕಡಲು ಬಾಗಿಲು ಹಾಕಿಕೊಳ್ತದೆ, ಮೇಲಿನ ನೀರು ನಿಂತು ಕಾಯ್ಬೇಕು. ಹಿಂದೆ ಅದು ಗದ್ದೆಯಲ್ಲಿ ಕಾಯ್ತಿತ್ತು. ಈಗ ನಿಮ್ಮ ಹಾಲ್‌ನಲ್ಲಿ.

ಶಾರ್ಜಾ ಉಡುಪಿ
ಭಾನುವಾರ, ಮಧ್ಯಾಹ್ನ 12.10

ಆಗ ನಗರಸಭೆಯಲ್ಲಿ ಯಾರು ಇದ್ದದ್ದು? ಅವರನ್ನು ಕೇಳ್ಬೇಕು.

ಎಂಡ್‌ಪಾಯಿಂಟ್ ವಾಕರ್
ಭಾನುವಾರ, ಮಧ್ಯಾಹ್ನ 12.32

ಅದೇ ಮಜಾ. ಯಾರೂ ಇರಲಿಲ್ಲ. 2018ರ ಆಗಸ್ಟ್ 31ಕ್ಕೆ ಮತ ಹಾಕಿದೆವು, 35 ಸದಸ್ಯರು ಗೆದ್ದರು. ಅಧ್ಯಕ್ಷ-ಉಪಾಧ್ಯಕ್ಷ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯ್ತು. ರಾಜ್ಯದ ಎಷ್ಟೋ ನಗರಸಭೆ, ಪುರಸಭೆಗಳದ್ದು ಅದೇ ಗತಿ. ಕುರ್ಚಿ ತುಂಬಿದ್ದು 2020ರ ಕೊನೆಗೆ. ಅಂದ್ರೆ ಆ ನೆರೆಯ ದಿನ ನಮ್ಮ ಊರಿನಲ್ಲಿ ಗೆದ್ದು ಎರಡು ವರ್ಷವಾದರೂ ಸಭೆ ಕೂರಲಾಗದ ಸದಸ್ಯರು, ಆಡಳಿತಾಧಿಕಾರಿಯ ಆಡಳಿತ. ಅಧ್ಯಕ್ಷರ ಅವಧಿ 30 ತಿಂಗಳು. ಅದು ಮುಗಿದು 2023ರಲ್ಲಿ ಮತ್ತೆ ಮೀಸಲಾತಿ ಗೋಜಲು, ಮತ್ತೆ ಖಾಲಿ, ತುಂಬಿದ್ದು 2024ರ ಆಗಸ್ಟ್‌ನಲ್ಲಿ.

ಇದನ್ನು ಯಾವ ಪಕ್ಷದವರೂ ಭಾಷಣದಲ್ಲಿ ಹೇಳುದಿಲ್ಲ. ಎಲ್ಲರ ಕಾಲದಲ್ಲೂ ಆದದ್ದು ಅದು. ಹಾಗೆಯೇ ಶಾಸಕರೂ ಸಂಸದರೂ ನಗರಸಭೆಯ ಸದಸ್ಯರೇ, ಅವರಿಗೂ ಮತ ಉಂಟು ಅಂತ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಪೇಟೆ ಹುಡುಗ
ಭಾನುವಾರ, ಮಧ್ಯಾಹ್ನ 12.40

ನನಗೆ ಗೊತ್ತಿರುವ ಒಂದೇ ಕಾಯ್ದೆ ಪರ್ಯಾಯ ಕಾಯ್ದೆ. ಎರಡು ವರ್ಷಕ್ಕೊಮ್ಮೆ ಜನವರಿ 18, ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ. ಅದಕ್ಕೆ ಹದಿನೈದು ದಿನ ಮೊದಲು ರಸ್ತೆಗೆ ಡಾಂಬರು, ಮರಕ್ಕೆ ಲೈಟು. ಪರ್ಯಾಯ ವರ್ಷಕ್ಕೊಮ್ಮೆ ಮಾಡಿದ್ರೆ ಉಡುಪಿ ಸಿಂಗಾಪುರ ಆಗ್ತಿತ್ತು.

ಕುಂದಾಪ್ರ ಮಾಣಿ
ಭಾನುವಾರ, ಮಧ್ಯಾಹ್ನ 12.44

ನಮ್ಗೂ ಒಂದ್ ಮಠ ಕೊಡಿ ಮಾರ್ರೆ.

ಹಳೇ ಚೈನು
ಭಾನುವಾರ, ಸಂಜೆ 4.30

ಊಟ ಮಾಡಿ ಮಲಗಿ ಎದ್ದೆ, ನೀವು ಸಿಂಗಾಪುರಕ್ಕೆ ಹೋಗಿದ್ದೀರಿ. ತೋಡಿಗೆ ಬನ್ನಿ.

ದಕ್ಷಿಣ ಕನ್ನಡ, ಉಡುಪಿ 1956ರವರೆಗೆ ಮದ್ರಾಸಿಗೆ ಸೇರಿದ್ದಲ್ಲ, ಹಾಗಾಗಿ ನಮ್ಮಲ್ಲಿ ಹಳೇ ಎಫ್‌ಎಂಬಿ, ಅಂದ್ರೆ ಜಾಗದ ಅಳತೆ ಪುಸ್ತಕದ ನಕ್ಷೆ ಉಂಟು. ಪ್ರತಿ ಸರ್ವೆ ನಂಬ್ರಕ್ಕೂ ಒಂದು. ತೋಡು ಹಾದುಹೋಗುವಲ್ಲಿ ಎರಡು ಗೆರೆ, ನಡುವೆ ಅಳತೆ, ಲಿಂಕ್ಸ್ ಲೆಕ್ಕದಲ್ಲಿ. ನೂರು ಲಿಂಕ್ಸ್ ಅಂದ್ರೆ 66 ಅಡಿಯ ಒಂದು ಚೈನು. ಒಂದು ಲಿಂಕ್ಸ್ ಎಂಟು ಇಂಚಿಗೆ ಕೂದಲೆಳೆ ಕಡಿಮೆ. ಪಹಣಿಯಲ್ಲಿ ಆ ಜಾಗ ತೋಡು ಪರಂಬೋಕು ಅಂತ ಇರ್ತದೆ, ಸರ್ಕಾರದ್ದು, ಯಾರ ಅಜ್ಜನದ್ದೂ ಅಲ್ಲ.

ನೀವು ಮಾಡಬೇಕಾದ್ದು ಇಷ್ಟೇ. ಫೋನಲ್ಲಿ ದಿಶಾಂಕ್ ಆ್ಯಪ್ ಹಾಕಿ ನಿಂತ ಜಾಗದ ಸರ್ವೆ ನಂಬ್ರ ನೋಡಿ. ತಾಲೂಕು ಕಚೇರಿಯ ಸರ್ವೆ ವಿಭಾಗದಲ್ಲಿ ಆ ನಂಬ್ರದ ನಕ್ಷೆಗೆ ಅರ್ಜಿ ಕೊಡಿ. ಒಂದು ಟೇಪು ತಗೊಂಡು ತೋಡನ್ನು ನೀವೇ ಅಳೆಯಿರಿ, ಐವತ್ತು ಅಡಿಗೊಂದು ಸಲ. ದಿಶಾಂಕಿನ ಗೆರೆಯನ್ನು ಮಾತ್ರ ನಂಬಿ ಜಗಳಕ್ಕೆ ಹೋಗ್ಬೇಡಿ, ಅದು ಅಂದಾಜಿಗೆ. ಆಮೇಲೆ ನಗರಸಭೆಗೆ ಬರೆಯಿರಿ: ಇಂತಿಂಥ ನಂಬ್ರದಲ್ಲಿ ನಕ್ಷೆಯಲ್ಲಿ ಇಷ್ಟು, ಸ್ಥಳದಲ್ಲಿ ಇಷ್ಟು, ಮೋರಿ ಇಷ್ಟು, ಗಡಿ ಗುರುತು ಮಾಡಿಸಿ ಹೂಳೆತ್ತಿ. "ತೋಡು ಉಕ್ಕುತ್ತದೆ, ಸೂಕ್ತ ಕ್ರಮ ಕೈಗೊಳ್ಳಿ" ಅಂತ ಬರೆದ ಅರ್ಜಿಗೆ "ಕ್ರಮ ಕೈಗೊಳ್ಳಲಾಗುವುದು" ಅಂತಲೇ ಉತ್ತರ ಬರುದು. ಅಳತೆಗೆ ಅಳತೆಯೇ ಉತ್ತರ ಬರಬೇಕು.

ಕೊಡವೂರು ಅಕ್ಕ
ಭಾನುವಾರ, ಸಂಜೆ 5.02

ಜೊತೆಗೆ, ನಿಮ್ಮ ತೋಡಿನ ಹೂಳೆತ್ತಲಿಕ್ಕೆ ಹೋದ ಮೂರು ವರ್ಷ ಎಷ್ಟು ಖರ್ಚು ಬಿದ್ದಿದೆ, ಸಾಮಾನ್ಯ ಸಭೆಯ ನಡಾವಳಿಯಲ್ಲಿ ಎಂತ ನಿರ್ಣಯ ಆಗಿದೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಶುಲ್ಕ, 30 ದಿನ ಗಡುವು. ನಾನು ಒಂದು ಸಲ ಹೀಗೆ ಕೇಳಿದ್ದೆ, ಬೇರೆ ವಿಷಯಕ್ಕೆ. ಅದರಲ್ಲಿ ಬಂದ ಕಾಗದ ಓದಿದ ಮೇಲೆ ನನ್ನ ಅರ್ಧ ಸಿಟ್ಟು ಇಳಿಯಿತು, ಉಳಿದರ್ಧ ಸರಿಯಾದ ಕಡೆಗೆ ತಿರುಗಿತು.

ಗುಂಡಿಬೈಲು ಮನೆ
ಮೂರು ವಾರದ ನಂತರ, ಭಾನುವಾರ, ಸಂಜೆ 6.40

ಎಲ್ಲರಿಗೂ ನಮಸ್ಕಾರ. ನಕ್ಷೆ ಸಿಕ್ಕಿತು. ಇವತ್ತು ಬೆಳಿಗ್ಗೆ ಅಳತೆಯೂ ಆಯ್ತು. ಹೇಳ್ಲಿಕ್ಕೆ ಸ್ವಲ್ಪ ಮುಜುಗರ ಉಂಟು, ಆದರೂ ಹೇಳ್ತೇನೆ.

ನಕ್ಷೆಯಲ್ಲಿ ನಮ್ಮ ಓಣಿಯ ತೋಡು 15 ಲಿಂಕ್ಸ್. ಅಂದ್ರೆ ಹತ್ತಡಿಗೆ ಒಂದಿಂಚು ಕಡಿಮೆ. ನಾನು ಮತ್ತು ಪಕ್ಕದ ಮನೆಯ ಪಿಯುಸಿ ಹುಡುಗ ಟೇಪು ಹಿಡಿದು ಇಳಿದೆವು. ಮೊಣಕಾಲವರೆಗೆ ಕೆಸರು, ಒಂದು ಹಳೇ ಹೆಲ್ಮೆಟ್, ಲೆಕ್ಕವಿಲ್ಲದಷ್ಟು ಹಾಲಿನ ತೊಟ್ಟೆ. ಮೇಲಿನ ತುದಿಯಲ್ಲಿ 9 ಅಡಿ. ಎರಡನೇ ಮನೆಯ ಹತ್ತಿರ ಎಂಟೂವರೆ. ನಾಲ್ಕನೇ ಮನೆ ಹತ್ತಿರ 6 ಅಡಿ 2 ಇಂಚು. ರಸ್ತೆಯ ಕೆಳಗಿನ ಮೋರಿ 4 ಅಡಿ.

ನಾಲ್ಕನೇ ಮನೆ ನಮ್ಮದು.

ಎದುರು ದಂಡೆಯಲ್ಲಿ ಅಜ್ಜನ ಕಾಲದ ತೆಂಗಿನಮರ ಹಾಗೇ ಉಂಟು, ಆ ಕಡೆ ಯಾರೂ ಒತ್ತಲಿಲ್ಲ. ನಮ್ಮ ಕೆಂಪುಕಲ್ಲಿನ ಕಾಂಪೌಂಡು ಅಪ್ಪ 1994ರಲ್ಲಿ ಕಟ್ಟಿಸಿದ್ದು. ಆಗ ನನಗೆ ಏಳು ವರ್ಷ. ಗೋಡೆ ನೀರಿನ ಒಳಗೇ ಏಳುದನ್ನು ನೋಡಿ ನಾನು ಕಾಗದದ ದೋಣಿ ಬಿಡ್ಲಿಕ್ಕೆ ಒಳ್ಳೇದಾಯ್ತು ಅಂತ ಕುಣಿದದ್ದು ನೆನಪುಂಟು. ಮೂರೂಮುಕ್ಕಾಲು ಅಡಿ ಹತ್ತಿರ ಒಳಗೆ ಬಂದಿದ್ದೇವೆ. ಆ ದಿನ ಅಪ್ಪನಿಗೆ ತೆಗೀಲಿಕ್ಕೆ ಆಗದ ಗೇಟು ಇರುದೂ ಅದೇ ಗೋಡೆಯಲ್ಲಿ. ಅಪ್ಪ ಈಗ ಇಲ್ಲ, ಕೇಳುವ ಹಾಗಿಲ್ಲ. ಕೇಳಿದ್ರೂ "ಎಲ್ಲರೂ ಹಾಗೇ ಕಟ್ಟುದು" ಅಂತ ಹೇಳ್ತಿದ್ರು ಅಂತ ಅಮ್ಮ ಹೇಳಿದ್ರು.

ಎಂಡ್‌ಪಾಯಿಂಟ್ ವಾಕರ್
ಭಾನುವಾರ, ಸಂಜೆ 6.55

ಇದನ್ನು ಬರೆಯದೆ ಇರಬಹುದಿತ್ತು ನೀವು.

ಶಾರ್ಜಾ ಉಡುಪಿ
ಭಾನುವಾರ, ಸಂಜೆ 7.01

ಅಣ್ಣ, ಮೋರಿ ನಾಲ್ಕೇ ಅಡಿ ಅಲ್ವಾ? ಅದು ನಗರಸಭೆಯದ್ದು. ಅದನ್ನು ದೊಡ್ಡದು ಮಾಡದೆ ನಿಮ್ಮ ಗೋಡೆ ಒಡೆದು ಎಂತ ಪ್ರಯೋಜನ? ಮೊದಲು ಅವರು ಮಾಡ್ಲಿ, ಆಮೇಲೆ ನೀವು ನೋಡಿ.

ಹಳೇ ಚೈನು
ಭಾನುವಾರ, ಸಂಜೆ 7.20

ಶಾರ್ಜಾದವರ ಮಾತಲ್ಲಿ ನ್ಯಾಯ ಉಂಟು, ಬಿಗಿ ಇರುದು ಮೋರಿಯಲ್ಲೇ. ಆದರೆ ಇಂಜಿನಿಯರ್ ಮೋರಿ ಅಗಲ ಮಾಡ್ಲಿಕ್ಕೆ ಅಂದಾಜುಪಟ್ಟಿ ಹಾಕುವಾಗ ಮೇಲೆ ತೋಡು ಎಷ್ಟುಂಟು ಅಂತಲೇ ಮೊದಲು ನೋಡುದು. ಮೇಲೆ ಆರಡಿ ಇದ್ದರೆ ಹತ್ತಡಿ ಮೋರಿ ಯಾಕೆ ಅಂತ ಕಡತ ಹಿಂದೆ ಬರ್ತದೆ. ಎರಡನ್ನೂ ಒಟ್ಟಿಗೇ ಬರೆಯಿರಿ, ನಿಮ್ಮದನ್ನು ಮೊದಲು ಬರೆಯಿರಿ.

ಮತ್ತೆ ಗೋಡೆ ಒಡೆಯುದಾದ್ರೆ ಮಳೆಗಾಲದಲ್ಲಿ ಬೇಡ. ದಂಡೆ ಕುಸಿದು ಮನೆಗೇ ಬರ್ತದೆ. ನವರಾತ್ರಿ ಕಳೆಯಲಿ, ಬುಡಕ್ಕೆ ಕಲ್ಲು ಕಟ್ಟಿಕೊಂಡೇ ಹಿಂದೆ ಸರೀರಿ.

ಗುಂಡಿಬೈಲು ಮನೆ
ಭಾನುವಾರ, ರಾತ್ರಿ 8.15

ಹೊಸ ಮನವಿ ಒಂದೇ ಪುಟ ಆಯ್ತು. ಸರ್ವೆ ನಂಬ್ರ, ಎಂಟು ಕಡೆಯ ಅಳತೆ, ಮೋರಿಯದ್ದು, ನಮ್ಮ ಗೋಡೆಯದ್ದು. ಹೈವೇ, ಬೀಚು, ಕಡಲ್ಕೊರೆತ ಎಲ್ಲ ತೆಗೆದೆವು. ಅವಕ್ಕೆ ಬೇರೆ ಬೇರೆ ವಿಳಾಸ ನೋಡಿ ಬೇರೆ ಬರೆಯುವ.

ಸಹಿ ಹಾಕ್ತೇವೆ ಅಂದಿದ್ದ ಎಂಟು ಮನೆಯಲ್ಲಿ ಐದು ಉಳಿದವು. ಟೇಪು ನೋಡಿದ ಮೇಲೆ ಇಬ್ಬರಿಗೆ ಪುರುಸೊತ್ತು ಇಲ್ಲ. ಒಬ್ಬರು "ಮಗ ದುಬೈಯಿಂದ ಬರ್ಲಿ, ಕೇಳಿ ಹೇಳ್ತೇನೆ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಮೂರು ವಾರ ಮೊದಲು ಹಾಗೇ ಹೇಳ್ತಿದ್ದೆ.

ಕೊಡವೂರು ಅಕ್ಕ
ಭಾನುವಾರ, ರಾತ್ರಿ 8.31

ಅಮ್ಮ ಎಂತ ಹೇಳಿದ್ರು?

ಗುಂಡಿಬೈಲು ಮನೆ
ಭಾನುವಾರ, ರಾತ್ರಿ 8.50

ಮನವಿಯಲ್ಲಿ ಎರಡು ಕಾಗುಣಿತ ತಿದ್ದಿದ್ರು, ಸಹಿ ಹಾಕಿದ್ರು. ಆಮೇಲೆ ಟಾರ್ಚ್ ಹಿಡ್ಕೊಂಡು ಅಂಗಳಕ್ಕೆ ಹೋದ್ರು. ಗೋಡೆಯ ಬುಡದಲ್ಲಿ ಅಪ್ಪ ನೆಟ್ಟ ಬಿಳಿ ದಾಸವಾಳ ಉಂಟು. "ಒಡೆಯುದು ನವರಾತ್ರಿ ಮೇಲೆ ಆಗ್ಲಿ, ಇದರ ಗೆಲ್ಲು ಮಾತ್ರ ಈ ಮಳೆಗೇ ಈಚೆ ನೆಡ್ಬೇಕು, ಆಮೇಲೆ ಹಿಡಿಯುದಿಲ್ಲ" ಅಂದ್ರು. ಈಗ ನಾಲ್ಕು ಗೆಲ್ಲು ಕತ್ತರಿಸಿ ಬಕೆಟಲ್ಲಿ ಇಟ್ಟಿದ್ದಾರೆ.

ಪೇಟೆ ಹುಡುಗ
ಭಾನುವಾರ, ರಾತ್ರಿ 9.05

ಅಣ್ಣ, ಆ ಟೇಪು ಎಷ್ಟು ಉದ್ದದ್ದು? ನಾಳೆ ಒಂದು ದಿನಕ್ಕೆ ಸಿಗ್ತದಾ?